ಗ್ಲಿಸರಿನ್ ಮೇಲಿನ ಚಿನ್ನ

ಥೋನ್‌ಬುರಿಯ ಓಣಿಯೊಂದರ ಮಹಡಿಯ ಮೇಲಿನ ನಮ್ಮ ಬ್ಯೂಟಿ ಪಾರ್ಲರಿನಲ್ಲಿ ಲಮ್ಯೈ ಅಕ್ಕನಷ್ಟು ಮುಖಗಳನ್ನು ಮುಟ್ಟಿದವರು ಇನ್ನೊಬ್ಬರಿಲ್ಲ. ಇಪ್ಪತ್ತೆರಡು ವರ್ಷ ದುಡಿದು ಅವಳು ಕಂಡುಕೊಂಡದ್ದು ಇಷ್ಟೇ: ಚರ್ಮಕ್ಕೆ ಬೇಕಾದದ್ದು ಗ್ಲಿಸರಿನ್, ಮೇಲೊಂದು ತೆಳು ಪದರ ಪೆಟ್ರೋಲಿಯಂ ಜೆಲ್ಲಿ, ಹಗಲಿಗೆ ಸನ್‌ಸ್ಕ್ರೀನ್. ಬಸವನಹುಳದ ಲೋಳೆ, ಮುತ್ತಿನ ಪುಡಿ, ಚಿನ್ನದ ರೇಕು, ಇವೆಲ್ಲ ಬರೀ ಶೋಕಿ. ಆದರೆ ನಮ್ಮ ಮಾಲಕಿ ಆಗಷ್ಟೇ ಚಿನ್ನದ ಫೇಶಿಯಲ್ಲಿನ ಬೋರ್ಡನ್ನು ಗೋಡೆಯಗಲ ಬರೆಸಿದ್ದಳು.

ಆ ಬೋರ್ಡು ನೋಡಿ ಬಂದವರು ಒರವನ್ ಮೇಡಂ, ನಿವೃತ್ತ ತೆರಿಗೆ ಅಧಿಕಾರಿ. ಮನೆಯಲ್ಲಿ ಯಾವುದೋ ಆ್ಯಸಿಡ್ ಸೀರಮ್ ಹಚ್ಚಿಕೊಂಡಿದ್ದರಿಂದ ಅವರ ಕೆನ್ನೆ ಬೇಯಿಸಿದ ಆಲೂಗಡ್ಡೆಯಂತೆ ಸಿಪ್ಪೆ ಬಿಡುತ್ತಿತ್ತು.

"ಚಿನ್ನ ಚರ್ಮದೊಳಗೆ ಇಳಿಯಲ್ಲ ಮೇಡಂ. ಗ್ಲಿಸರಿನ್ ಹಚ್ತೀನಿ, ವಾರದಲ್ಲಿ ಸರಿಹೋಗುತ್ತೆ" ಎಂದಳು ಲಮ್ಯೈ.

"ಗ್ಲಿಸರಿನ್ನಾ? ಅದು ಕೆಮ್ಮಿನ ಔಷಧಿಲೂ ಇರುತ್ತೆ. ನನ್ನ ಮುಖ ಏನು ಗಂಟಲೇನೇ?"

ಲಮ್ಯೈ ಕೆಲಸ ಶುರುಮಾಡಿದಳು. ಮೊದಲು ಗ್ಲಿಸರಿನ್, ಅದರ ಮೇಲೆ ಜೆಲ್ಲಿ ಹಚ್ಚಿ, ಕೊನೆಗೆ ಚಿನ್ನದ ರೇಕುಗಳನ್ನು ಒಂದೊಂದಾಗಿ ಅಂಟಿಸಿದಳು. "ನಲವತ್ತು ನಿಮಿಷ ತುಟಿ ಅಲುಗಿಸ್ಬೇಡಿ. ರೇಕು ಬಿರುಕು ಬಿಡುತ್ತೆ."

ಸ್ವಲ್ಪ ಹೊತ್ತಿಗೆ ಕೆಳಗಿನ ನೂಡಲ್ ಅಂಗಡಿಯಲ್ಲಿ ಯಾರೋ ಒಣಮೆಣಸಿನಕಾಯಿ ಸೀಯಿಸಿದರು. ಘಾಟಿಗೆ ಬೆಂಕಿಯ ಗಂಟೆ ಹೊಡೆದುಕೊಂಡಿತು. ಎಲ್ಲರೂ ಕೆಮ್ಮುತ್ತ ಓಣಿಗಿಳಿದೆವು. ಒರವನ್ ಮೇಡಂ ಅವರನ್ನು ಕೈಹಿಡಿದು ತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಂಡಿಯ ಮೇಲಿಟ್ಟು ಅವರು ಕೂತರು. ಬಿಸಿಲಿಗೆ ಮುಖ, ಗುಡಿಯಲ್ಲಿ ಭಕ್ತರು ಚಿನ್ನದ ರೇಕು ಅಂಟಿಸಿದ ವಿಗ್ರಹದಂತೆ, ಧಗಧಗ ಹೊಳೆಯಿತು.

ಮೀನಿನುಂಡೆ ಮಾರುವ ಬುಪ್ಫಾ ತಳ್ಳುಗಾಡಿ ನಿಲ್ಲಿಸಿ ಕೈಮುಗಿದಳು. ಮರುದಿನ ಲಾಟರಿ ಡ್ರಾ ಇತ್ತು; ಅದರ ಹಿಂದಿನ ದಿನ ನಮ್ಮ ಓಣಿಯವರು ದೇವರಾಗಲಿ ಮರವಾಗಲಿ, ಕಂಡಲ್ಲೆಲ್ಲ ಗೆಲ್ಲುವ ಅಂಕಿ ಬೇಡುತ್ತಾರೆ.

"ಲಮ್ಯೈ, ಇವರು ಯಾವಾಗ ಬಂದ್ರು?"

"ಹನ್ನೊಂದೂವರೆಗೆ. ಅಪಾಯಿಂಟ್‌ಮೆಂಟ್ ಇತ್ತು."

"ಅಂದ್ರೆ ಬರ್ತೀನಿ ಅಂತ ಮೊದ್ಲೇ ಹೇಳಿದ್ರಾ?" ಬುಪ್ಫಾಳ ಕಣ್ಣಲ್ಲಿ ನೀರು ಬಂತು.

ಅರ್ಧ ಓಣಿ ಸೇರಿತು. ಮಲ್ಲಿಗೆ ಹಾರ ಬಿತ್ತು. ಕೆಂಪು ಸೋಡಾ ಬಾಟಲಿಗಳು ಸ್ಟ್ರಾ ಸಮೇತ ನೈವೇದ್ಯವಾಗಿ ಕಾಲ ಬಳಿ ಸಾಲಾದವು. ಹಳೆಯ ಮರಗಳ ಕಾಂಡಕ್ಕೆ ಉಜ್ಜುವಂತೆ ಮೇಡಂ ಅವರ ಮುಂಗೈಗೆ ಪೌಡರ್ ಉಜ್ಜಿ ಲಾಟರಿ ಅಂಕಿ ಹುಡುಕತೊಡಗಿದರು.

"ಆರು ಕಾಣ್ತಿದೆ."

"ಅದು ಮಚ್ಚೆ ಕಣೇ."

"ಮಚ್ಚೆನೇ ಆರರ ಥರ ಇದೆಯಲ್ಲ."

ಒಂದೇ ಒಂದು ಮಾತಾಡಿದ್ದರೆ ಎಲ್ಲ ಮುಗಿಯುತ್ತಿತ್ತು. ಮೇಡಂ ಆಡಲಿಲ್ಲ, ರೇಕು ಬಿರುಕು ಬಿಡುತ್ತದಲ್ಲ. ಮೂಗಿನ ಹೊಳ್ಳೆ ಮಾತ್ರ ಅರಳಿ ಅರಳಿ ಮುಚ್ಚುತ್ತಿತ್ತು. ಇನ್ನು ನಾಲ್ಕು ನಿಮಿಷವೇ ಎಂದು ಲಮ್ಯೈಯನ್ನು ಕೇಳಲು ಕೊನೆಗೆ ನಾಲ್ಕು ಬೆರಳೆತ್ತಿದರು. ಉತ್ತರ ಬಾರದಾಗ, ಹಾಗಾದರೆ ಏಳೇ ಎಂದು ಏಳು ಬೆರಳು.

"ನಲವತ್ತೇಳು" ಎಂದು ಪಿಸುಗುಟ್ಟಿದ ಜನ ಲಾಟರಿ ಅಂಗಡಿಯತ್ತ ಓಡಿತು.

"ಇನ್ನೂ ಹತ್ತು ನಿಮಿಷ ಇದೆ ಮೇಡಂ" ಎಂದಳು ಲಮ್ಯೈ.

ಮರುದಿನ ಡ್ರಾದಲ್ಲಿ ಕೊನೆಯ ಎರಡು ಅಂಕಿಯಾಗಿ ಬಂದದ್ದು ಎಪ್ಪತ್ನಾಲ್ಕು. ಬುಪ್ಫಾಗೆ ಬೇಸರವೇನೂ ಆಗಲಿಲ್ಲ. "ತಪ್ಪು ನಮ್ದೇ. ಅವರ ಕಡೆಯಿಂದ ಓದ್ಬೇಕಿತ್ತು" ಎಂದಳು.

ವಾರ ಕಳೆದು ಮೇಡಂ ಮತ್ತೆ ಬಂದರು. ಕೆನ್ನೆ ನುಣುಪಾಗಿತ್ತು. "ನೋಡಿದ್ಯಾ ಚಿನ್ನದ ಮಹಿಮೆ?"

"ಅದು ಗ್ಲಿಸರಿನ್ ಮೇಡಂ. ಚಿನ್ನನ ಅವತ್ತೇ ಹತ್ತಿಲಿ ಒರೆಸಿ ಬಿಸಾಕಿದೆ."

"ಗ್ಲಿಸರಿನ್‌ಗೆ ಯಾರಾದ್ರೂ ಹಾರ ಹಾಕಿದ್ರೇನೇ?"

ಲಮ್ಯೈ ಅಕ್ಕ ಗ್ಲಿಸರಿನ್ ಬಾಟಲಿಯ ಮುಚ್ಚಳ ಬಿಗಿದು, ಮೇಡಂ ಹೆಸರನ್ನು ಇನ್ನೊಂದು ಚಿನ್ನದ ಫೇಶಿಯಲ್ಲಿಗೆ ಬರೆದುಕೊಂಡಳು.

ಮುಂದಿನ ಡ್ರಾದ ಹಿಂದಿನ ದಿನ ಮೇಡಂ ಹೊಸ ರೇಷ್ಮೆ ರವಿಕೆ ತೊಟ್ಟು, ಹೇಳಿದ ಸಮಯಕ್ಕಿಂತ ಮೊದಲೇ ಬಂದು, "ಕುರ್ಚಿ ಹೊರಗೇ ಹಾಕು" ಎಂದರು. ಓಣಿಯಲ್ಲಿ ಜನ ಆಗಲೇ ಚಾಪೆ ಹಾಸಿದ್ದರು. ಮೇಡಂ ಅವರ ಮುಖಕ್ಕೆ ರೇಕು ಅಂಟಿಸಿ, ಕತ್ತಿಗೂ ತೋಳಿಗೂ ಸನ್‌ಸ್ಕ್ರೀನ್ ಬಳಿದು, ಲಮ್ಯೈ ಕುರ್ಚಿಯನ್ನು ನೆರಳಿಗೆ ಎಳೆದಳು.

"ಸ್ವಲ್ಪ ಬಿಸಿಲಿಗೆ ಹಾಕು, ಹೊಳೀಲಿ" ಎಂದಳು ಬುಪ್ಫಾ.

"ಬಿಸಿಲಿಗೆ ಮಾತ್ರ ಕೂರಿಸಲ್ಲ" ಎಂದಳು ಲಮ್ಯೈ. "ಇನ್ನೊಂದು ವಿಷ್ಯ. ಉಜ್ಜೋದಾದ್ರೆ ಸುವಾಸನೆ ಇಲ್ಲದ ಪೌಡರ್ ತನ್ನಿ. ಅವರದು ಸೂಕ್ಷ್ಮ ಚರ್ಮ."

ಜನ ಭಕ್ತಿಯಿಂದ ತಲೆಯಾಡಿಸಿದರು.