ಫೋನಿನೊಳಗಿನ ಬೆಳ್ಳನೆ ಕೂಸು

ನನ್ನ ಅಳಿಯ ಕಪಿಲ ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಕಲಿಸುತ್ತಾನೆ. ಬುದ್ಧಿವಂತ, ಇಲ್ಲ ಅನ್ನುವುದಿಲ್ಲ. ಆದರೆ ಆ ಬುದ್ಧಿಯನ್ನೆಲ್ಲ ಫೋನಿನ ಕೈಗೆ ಕೊಟ್ಟು ಕುಳಿತಿದ್ದ, ಅದೇ ನನ್ನ ಹೊಟ್ಟೆಯುರಿ.

ಮಗಳು ವಿದ್ಯಾ ಹೆತ್ತು, ಬಾಣಂತನಕ್ಕೆ ಸಪ್ತಾಪುರದ ನಮ್ಮ ಮನೆಗೆ ಬಂದಳು. ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಒಂದು ಸಣ್ಣ ಯಂತ್ರವನ್ನು ಕೂಸಿನ ಹಣೆಗೆ ಒತ್ತಿ ನೋಡಿದ್ದಳು. ಸೂಜಿಯಿಲ್ಲ, ರಕ್ತವಿಲ್ಲ, ಮೈ ಹಳದಿಯಾಗುವ ಕಾಮಣಿ ಎಷ್ಟಿದೆ ಎಂದು ಚರ್ಮದ ಮೇಲಿಂದಲೇ ಹೇಳುತ್ತದಂತೆ. ಸ್ವಲ್ಪ ಇದೆ, ನಾಡಿದ್ದು ಮತ್ತೆ ಕರೆತನ್ನಿ ಎಂದಿದ್ದಳು. ಹಸಿ ಬಾಣಂತಿಯನ್ನು ಆಟೋದಲ್ಲಿ ಯಾಕೆ ಕುಲುಕಿಸಬೇಕು ಎಂದ ಕಪಿಲ. ಕೂಸಿನ ಮುಖದ ಫೋಟೋ ತೆಗೆದರೆ ಕಾಮಣಿ ತಿಳಿಸುವ ಆ್ಯಪ್ ಅವನ ಫೋನಿನಲ್ಲೇ ಇತ್ತು.

ದಿನಾ ಬೆಳಿಗ್ಗೆ ಫೋಟೋ. ದಿನಾ ಹಸಿರು ಗುರುತು, ಅಂದರೆ ಎಲ್ಲ ಛಲೋ. ಅದೇ ಫೋಟೋ ಬಳಗದ ಗ್ರೂಪಿಗೂ ಹೋಗುತ್ತಿತ್ತು. ಎಂಥ ಬೆಳ್ಳನೆ ಕೂಸು, ಹಾಲಿನ ಕೆನೆ, ದೃಷ್ಟಿ ತೆಗೆಯಿರಿ ಎಂದು ಒಬ್ಬರ ಮೇಲೊಬ್ಬರು ಬರೆಯುತ್ತಿದ್ದರು. ವಿದ್ಯಾ ಓದಿ ಓದಿ ಹಿಗ್ಗುತ್ತಿದ್ದಳು.

ಕೂಸಿಗೆ ಎಣ್ಣೆ ಹಚ್ಚುವ ನನ್ನ ಕಣ್ಣಿಗೆ ಮಾತ್ರ ಹೊಟ್ಟೆಯೂ ಹಳದಿ, ಕಣ್ಣಿನ ಬಿಳಿಯೂ ಹಳದಿ. ಹೇಳಿದೆ. ಅರಿಷಿಣ ಹಚ್ಚಿ ನೀನೇ ಹಳದಿ ಮಾಡಿದ್ದೀ ಎಂದು ಮಗಳು ನಕ್ಕಳು. ಕಣ್ಣೊಳಗೂ ಅರಿಷಿಣ ಹಚ್ಚಿದೆನೇನೇ ಎಂದು ರೇಗಿದೆ. ಕಪಿಲ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದ.

“ಅತ್ತಿಯವರ, ಕಣ್ಣಿಗೆ ಮೋಸ ಆಗ್ತದ. ಇದಕ್ಕ ಆಗೂದಿಲ್ರಿ.”

ಮರುದಿನ ಕೂಸು ಮೊಲೆ ಹಿಡಿಯಲಿಲ್ಲ. ಮಧ್ಯಾಹ್ನಕ್ಕೆ ಬೆನ್ನು ಹಿಂದಕ್ಕೆ ಬಾಗಿಸಿ ಕೀರಲು ದನಿಯಲ್ಲಿ ಅಳತೊಡಗಿತು. ನಾನು ಯಾರನ್ನೂ ಕೇಳಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ರಸ್ತೆಗಿಳಿದೆ, ಅವರಿಬ್ಬರೂ ಹಿಂದೆ ಓಡಿಬಂದರು. ಆಸ್ಪತ್ರೆಯಲ್ಲಿ ಯಂತ್ರ ಒತ್ತಿದ ನರ್ಸಿನ ಮುಖ ಇಳಿಯಿತು. ರಕ್ತ ತೆಗೆದರು, ನೀಲಿ ದೀಪದ ಕೆಳಗೆ ಮಲಗಿಸಿದರು, ಮೈಯ ರಕ್ತವನ್ನೇ ಬದಲಿಸಿದರು. ಕಾಮಣಿ ಇಳಿಯಿತು. ಅಷ್ಟರಲ್ಲಿ ಅದು ಮಿದುಳಿಗೆ ಏರಿತ್ತು.

ಡಾಕ್ಟರು ಆ ಫೋಟೋಗಳನ್ನು ನೋಡಿದರು, ಕೂಸನ್ನು ನೋಡಿದರು, ಆಮೇಲೆ ಫೋನನ್ನು ಕಪಿಲನ ಕಡೆಗೇ ತಿರುಗಿಸಿ ತೋರಿಸಿದರು. ಕ್ಯಾಮೆರಾದಲ್ಲಿ ಮುಖ ಬೆಳ್ಳಗೆ ಮಾಡುವ ಸೆಟ್ಟಿಂಗು ಚಾಲೂ ಇತ್ತು. ಬಸುರಿಯಿದ್ದಾಗ ಮಾಡಿದ ಕುಬಸದ ಫೋಟೋಗಳಿಗೆಂದು ವಿದ್ಯಾ ಹಾಕಿದ್ದಳು, ತೆಗೆಯುವುದು ಯಾರಿಗೂ ನೆನಪಾಗಿರಲಿಲ್ಲ. ನಮ್ಮ ಕೂಸಿನ ಹಳದಿಯನ್ನು ದಿನವೂ ಒರೆಸಿ ಒರೆಸಿ ಆ್ಯಪಿಗೆ ಕೊಟ್ಟಿತ್ತು ಆ ಸುಡುಗಾಡು ಫೋನು.

ಚಿನ್ಮಯೀ ಎಂದು ಹೆಸರಿಟ್ಟೆವು. ವರ್ಷ ತುಂಬುತ್ತ ಬಂದರೂ ಕುತ್ತಿಗೆ ನಿಂತಿಲ್ಲ. ಕಿವಿ ಕೇಳುವುದಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರೂ ಹೇಳಿದರು. ಕಪಿಲನನ್ನು ಬೈಯಲು ನಾನು ಕೂಡಿಟ್ಟ ಮಾತು ಬಹಳ ಇವೆ. ಅವನ ಮುಖ ನೋಡಿದರೆ ಒಂದೂ ಹೊರಗೆ ಬರುವುದಿಲ್ಲ. ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೂಸಿನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗುತ್ತಾನೆ. ನಿನ್ನೆಯೂ ಕೂಗಿದ. ನನ್ನ ಮಡಿಲಲ್ಲಿ ಕುಳಿತಿದ್ದ ಅವಳ ತಲೆ ಅವನ ಕಡೆಗೆ ಹೊರಳಿತು.

“ಅತ್ತಿಯವರ, ಈಗ ನನ್ನ ದನಿಗೆ ತಿರುಗಿದ್ಲಲ್ಲ?”

ಹೌದು ಎಂದಿದ್ದರೆ ಒಂದು ರಾತ್ರಿ ನಿದ್ದೆ ಮಾಡುತ್ತಿದ್ದ. ಮರುದಿನ ಮತ್ತೆ ಬಂದು ಕೂಗುತ್ತಿದ್ದ.

“ಇಲ್ರಿ,” ಎಂದೆ. “ಕುತ್ತಿಗಿ ತಡೀಲಿಲ್ಲ. ತಲಿ ವಾಲ್ತು, ಅಷ್ಟ.”