ಮುಚ್ಚಳದ ಕೆಳಗಿನ ಆಲದೆಲೆ

ನಾನೊಂದು ಜೆರಾಕ್ಸ್ ಯಂತ್ರ. ನನ್ನನ್ನು ಜೋಡಿಸಿದ ಊರಿನ ಮುಖ ನಾನು ನೋಡಿಲ್ಲ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂದೆ, ಕಣ್ಣು ಬಿಟ್ಟಾಗ ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದೆ. ಕುಂಕುಮ ಹಚ್ಚಿ ನನ್ನೆದುರೇ ಕಾಯಿ ಒಡೆದರು. ನೀರು ಒಳಗೆ ಸಿಡಿದು ಮೊದಲ ದಿನವೇ ರಿಪೇರಿಗೆ ಬಂದೆ. ಪೂಜೆಯಿಂದ ಕೆಟ್ಟ ಯಂತ್ರ ನಾನು!

ನನ್ನ ಬದುಕು ಇಷ್ಟೇ: ಮುಖದ ಮೇಲೆ ಪುಸ್ತಕ ಕವುಚುತ್ತಾರೆ, ಮುಚ್ಚಳ ಒತ್ತುತ್ತಾರೆ, ಒಂದು ಮಿಂಚು. ಓದೋಣ ಅನ್ನುವಷ್ಟರಲ್ಲಿ ಪುಟ ಎದ್ದುಹೋಗಿರುತ್ತದೆ. ಜನ ನೋಡುವುದು ಕಾಗದ ಬೀಳುವ ತಟ್ಟೆಯನ್ನು, ನನ್ನನ್ನಲ್ಲ. ಸುತ್ತ ಸಂತೆಯ ಗದ್ದಲ, ನಡುವೆ ನಾನೊಬ್ಬನೇ.

ನನ್ನನ್ನು ನಡೆಸುತ್ತಿದ್ದವನು ಫಕೀರಪ್ಪ. ಒಳ್ಳೆಯವ. ಆದರೆ ಯಾರೂ ಕಾಯಬಾರದು ಎಂಬ ಹುಚ್ಚು ಅವನಿಗೆ. ಸಸ್ಯಶಾಸ್ತ್ರದ ಹುಡುಗರು ವರ್ಷವೂ ಕೇಳುತ್ತಿದ್ದದ್ದು ಒಂದೇ ಪುಸ್ತಕ. ಎಲೆಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು, ಚಿತ್ರಗಳೂ ಲೇಖಕಿಯ ಕೈಯವೇ. ಫಕೀರಪ್ಪ ಅದನ್ನು ರಟ್ಟಿನಿಂದ ರಟ್ಟಿನವರೆಗೆ ಒಮ್ಮೆ ಪ್ರತಿ ತೆಗೆದಿಟ್ಟ. ಆಮೇಲೆ ಪ್ರತಿಯ ಪ್ರತಿ, ಅದರದೊಂದು ಪ್ರತಿ. ಸ್ಪೈರಲ್ ಹಾಕಿದ ರೆಡಿ ಸೆಟ್ಟುಗಳು ಕಪಾಟು ತುಂಬಿದವು. ಅಸಲು ಪುಸ್ತಕ ಶೆಲ್ಫಿನಲ್ಲಿ ಧೂಳು ತಿಂದಿತು. ಪ್ರತಿ ಸಲವೂ ಎಲೆಯ ನರಗಳು ಒಂದಿಷ್ಟು ಅಳಿಯುತ್ತಿದ್ದವು. ನನಗೆ ಕಾಣುತ್ತಿತ್ತು. ಹೇಳಲು ಬಾಯಿ ಎಲ್ಲಿ?

ಒಂದು ಮಧ್ಯಾಹ್ನ ನರೆಗೂದಲಿನ ಹೆಂಗಸೊಬ್ಬರು ಅದೇ ಪುಸ್ತಕ ಹಿಡಿದು ಬಂದರು.

"ತಮ್ಮಾ, ಇದರಾಗಿನ ಮೂರನೇ ಪಾಠ ಅಷ್ಟ ಕಾಪಿ ಮಾಡಿಕೊಡಪಾ. ನಾಳೆ ಇಲ್ಲಿ ಹುಡುಗರಿಗೆ ಪಾಠ ಹೇಳೋದೈತಿ."

"ಒಂದ ಪಾಠ ಯಾಕ್ರೀ ಅಮ್ಮಾರ? ಪೂರಾ ಸೆಟ್ಟ ರೆಡಿ ಐತಿ. ಬಿಸಿ ಮಿರ್ಚಿ ಹಂಗ, ಈಗಷ್ಟ ತಗದೇನಿ. ಪುಸ್ತಕ ಯಾವ ಹುಚ್ಚ ಕೊಳ್ತಾನ್ರೀ!"

ಅವರು ಸೆಟ್ಟು ತಿರುವುತ್ತಾ ಆಲದೆಲೆಯ ಪುಟದಲ್ಲಿ ನಿಂತರು.

"ಏನೋ ಇದು? ಬಾವಲಿ ಜೋತು ಬಿದ್ದಂಗೈತಲ್ಲ!"

"ಆಲದ ಎಲೀರಿ. ಕೆಳಗ ಬರದಾರ ನೋಡ್ರಿ."

"ಬರದಾಕಿ ನಾನ ಅದೀನಿ."

ಫಕೀರಪ್ಪ ನನ್ನ ಮುಚ್ಚಳದ ಮೇಲಿಂದ ಕೈ ತೆಗೆದ.

ಅವರು ಹಂಚಿನಾಳ ಮೇಡಮ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಪುಸ್ತಕ ಯಾರೂ ಒಯ್ಯವಲ್ರಂತ. ಎರಡನೇ ಮುದ್ರಣ ಮರತುಬಿಡ್ರಿ ಅಂತ ಪ್ರಕಾಶಕರು ಅಂದ್ರು. ಯಾರಿಗೂ ಬ್ಯಾಡಾಗೇತಿ ಅಂತ ನಾನೂ ಸುಮ್ಮನಾಗಿದ್ದೆ. ಇಲ್ಲಿ ನೋಡಿದ್ರ ಎಲ್ಲಾರ ಕೈಯಾಗೂ ಐತಿ, ನರ ಇಲ್ಲದ ಎಲಿ."

"ಹಂಗಾರ ಕಾಪಿನ ಮಾಡಬಾರದೇನ್ರಿ?"

"ಮಾಡು. ಓದಾಂವಗ ಬೇಕಾದ ಪಾಠ ಅಸಲಿನಿಂದ ಮಾಡಿಕೊಡು. ಬರದವರ ಹೆಸರು ಮ್ಯಾಲ ಇರಲಿ. ಪೂರಾ ಬೇಕಾದಾವ ಕೊಳ್ಳಲಿ, ಇಲ್ಲಾ ಇಲ್ಲೇ ಕೂತು ಓದಲಿ. ಮತ್ತ ಗ್ರಂಥಾಲಯ ಯಾಕ ಕಟ್ಯಾರ?"

ಅಂದೇ ಫಕೀರಪ್ಪ ರೆಡಿ ಸೆಟ್ಟುಗಳನ್ನೆಲ್ಲ ಹರಿದ. ಹುಡುಗರು ಸುಮ್ಮನಿರುತ್ತಾರೆಯೇ? "ಫಕೀರಣ್ಣ, ಪೊಲೀಸ್ ಯಾವಾಗ ಆದಿ?" ಅಂದರು.

"ಬಾವಲಿ ನೋಡಿ ಪರೀಕ್ಷಾ ಬರೀಬ್ಯಾಡೋ. ಹೋಗು, ಶೆಲ್ಫಿನಾಗೈತಿ ಆಲದೆಲಿ!"

ಗ್ರಂಥಾಲಯ ಇನ್ನಷ್ಟು ಅಚ್ಚಿನ ಪ್ರತಿ ತರಿಸಿತು, ಹುಡುಗರೂ ಕೊಂಡರು, ಪ್ರಕಾಶಕರ ಗೋದಾಮು ಖಾಲಿಯಾಯಿತು. ಎರಡನೇ ಮುದ್ರಣಕ್ಕೆ ಪ್ರಕಾಶಕರು ಒಪ್ಪಿ, ಮೂಲಚಿತ್ರಗಳನ್ನು ಕೇಳಿದರು. ನನ್ನ ಸುತ್ತ ಮಾತ್ರ ಜನ ಕರಗಿದರು. ಮೇಡಮ್ಮರ ಪುಸ್ತಕ ಬದುಕಿತು, ನನ್ನ ಸಂತೆ ಮುಗಿಯಿತು. ನ್ಯಾಯವೇ. ಆದರೂ ಖಾಲಿ ಕೋಣೆ ಖಾಲಿಯೇ.

ಮೂಲಚಿತ್ರಗಳನ್ನು ಕಳಿಸುವ ಮೊದಲು ತಮಗೊಂದು ಪ್ರತಿ ಇರಲಿ ಎಂದು ಮೇಡಮ್ ಬಂದರು. ಕೊನೆಯದು ಆಲದೆಲೆ. ಅಬ್ಬಾ! ಕೂದಲಿಗಿಂತ ತೆಳ್ಳನೆಯ ನರಗಳು, ಒಂದೊಂದೂ ಅಂಚಿನವರೆಗೆ ಹೋಗಿ ಮುಟ್ಟಿದ್ದವು. ಮಿಂಚು ಹರಿಯಿತು, ಪ್ರತಿ ಹೊರಬಿತ್ತು, ಅಷ್ಟರಲ್ಲಿ ನನ್ನೊಳಗೆ ಏನೋ ಸುಟ್ಟು ಹೊಗೆ ಎದ್ದಿತು.

"ಸರೀರಿ ಮೇಡಮ್ಮಾರ, ದೂರ ಸರೀರಿ!" ಎಂದು ಫಕೀರಪ್ಪ ಪ್ಲಗ್ ಕಿತ್ತ. ಮೇಡಮ್ ಗಾಬರಿಯಲ್ಲಿ ಮೇಜಿನ ಮೇಲಿದ್ದ ಚಿತ್ರಗಳನ್ನೂ ತಟ್ಟೆಯಲ್ಲಿದ್ದ ಪ್ರತಿಗಳನ್ನೂ ಬಾಚಿಕೊಂಡು ಹೊರಟರು. ಜೆರಾಕ್ಸಿಗೆ ಬರುವವರು ಮಾಡುವ ತಪ್ಪೇ: ಪ್ರತಿ ಒಯ್ದರು, ಆಲದೆಲೆಯ ಅಸಲು ನನ್ನ ಮುಚ್ಚಳದ ಕೆಳಗೇ ಉಳಿಯಿತು.

ಮೆಕ್ಯಾನಿಕ್ ನನ್ನ ಬೆನ್ನು ಬಿಚ್ಚಿ ಮೂಸಿ, "ಮುಗೀತಿದು" ಅಂದ. ನನ್ನನ್ನು ಮೆಟ್ಟಿಲ ಕೆಳಗಿನ ಮೂಲೆಗೆ ತಳ್ಳಿದರು. ಮುಚ್ಚಳ ಯಾರೂ ಎತ್ತಲಿಲ್ಲ.

ಕೆಲವು ತಿಂಗಳ ನಂತರ ಮೇಡಮ್ ಹೊಸ ಮುದ್ರಣ ತಂದು, ಅದೇ ಮೆಟ್ಟಿಲ ಬಳಿ ಫಕೀರಪ್ಪನಿಗೆ ತೋರಿಸಿದರು. ಪುಸ್ತಕ ಇಟ್ಟದ್ದು ನನ್ನ ಮೇಲೆಯೇ.

"ಆಲದೆಲಿ ಅವತ್ತ ಆಟೋದಾಗ ಬಿಟ್ಟೆ ಅನಸ್ತೈತಿ. ಕಾಪಿ ಕೊಟ್ರ ಮತ್ತ ಬಾವಲಿನ ಆಗತಿತ್ತು. ಹೊಸದಾಗಿ ಬರದೆ. ಕೈ ನಡಗತಾವ ಈಗ."

"ಗಾಳಿಗೆ ಅಲ್ಲಾಡೋ ಎಲಿ ಆಗೇತ್ರಿ. ಚಲೋ ಐತಿ."

ಮೇಡಮ್ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ. ನಡುಗುವ ಎಲೆ ಮೇಲೆ, ನಡುಗದ ಎಲೆ ಕೆಳಗೆ, ನಡುವೆ ನನ್ನ ಮುಚ್ಚಳ. ಒಂದು ಗುಟುಕು ಕರೆಂಟ್ ಇದ್ದಿದ್ದರೆ ದೀಪ ಮಿನುಗಿಸುತ್ತಿದ್ದೆ.

ಜೀವಮಾನವೆಲ್ಲ ಪುಟಗಳು ನನ್ನ ಮುಖ ಮುಟ್ಟಿ ಎದ್ದುಹೋದವು. ಇದೊಂದೇ ಉಳಿದದ್ದು. ಈ ಕತ್ತಲಲ್ಲಿ ನನಗಿರುವ ಜೊತೆ ಇದೇ. ಆದರೂ ಹೇಳುತ್ತೇನೆ: ಗುಜರಿಗೆ ಎತ್ತುವವರು ಬಂದರೆ, ಮೊದಲು ಮುಚ್ಚಳ ತೆರೆಯಿರಿ. ಆ ಎಲೆಯನ್ನು ಹಂಚಿನಾಳ ಮೇಡಮ್ಮಿಗೆ ತಲುಪಿಸಿ. ಅದು ನನ್ನದಲ್ಲ.