ಉಮರೇಡಿನ ಏಡಿ

ಇದು ನಿಜವಾಗಿಯೂ ನಡೆದದ್ದು. ನಾನು ಹೀಗೆ ಶುರುಮಾಡಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರಾಗಿ ಎದ್ದುಹೋಗುತ್ತಾರೆ, ಏಕೆಂದರೆ ನನ್ನ ಸುಳ್ಳುಗಳೆಲ್ಲವೂ ಹೀಗೇ ಶುರುವಾಗುತ್ತವೆ. ಆದರೆ ಈ ಸಲ ಸಾಕ್ಷಿಗಳಿದ್ದಾರೆ: ಅಮ್ಮ, ಅಣ್ಣ, ಅತ್ತಿಗೆ, ಮತ್ತೆ ಒಂದು ಬಕೆಟ್ ಏಡಿ. ಏಡಿಗಳು ಈಗ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ, ಅಷ್ಟೇ.

ನಮ್ಮಪ್ಪ ಕೃಷ್ಣಪ್ಪ ಮದ್ದೂರಿನ ಕಡೆಯವರು. ಮದ್ದೂರಿನವರು ಮದ್ದುಗುಂಡಿನ ಕಾರ್ಖಾನೆಗೇ ಬಂದು ಸೇರಿಕೊಂಡರು ಎಂದು ನಾನು ಹೇಳಿದಾಗಲೆಲ್ಲ ಅವರು ಹುಬ್ಬು ಗಂಟಿಕ್ಕುತ್ತಾರೆ. ನಾಗಪುರದ ಆ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಅವರ ಸರ್ವಿಸ್ ಮುಗಿಯಿತು. ತಿರುಗಿಸಿ ತೆಗೆದ ತುಂಡಿನ ಮೇಲೆ ಬಲಗೈಯ ಬೆರಳಾಡಿಸಿ, ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದು ಹೇಳುತ್ತಿದ್ದರಂತೆ. ಅಳತೆ ಮಾಡುವ ಸಾಧನ ಆಮೇಲೆ ಬಂದು ಅದನ್ನೇ ಹೇಳುತ್ತಿತ್ತಂತೆ.

ಹೋದ ಚಳಿಗಾಲದಲ್ಲಿ ಆ ಬಲಗೈಗೆ ಲಕ್ವ ಹೊಡೆಯಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಉಳಿಯಿತು, ಕಾಲು ಉಳಿಯಿತು. ವ್ಯಾಯಾಮ ಮಾಡಿ ಮಾಡಿ ಕೈಯೂ ಎದ್ದಿತು. ಬೇಸಿಗೆಯ ಹೊತ್ತಿಗೆ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಮಳೆಗಾಲಕ್ಕೆ ಸಹಿ ಮೊದಲಿನಂತೆ ಬಂತು. ಕೈ ಹೇಗಿದೆ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಬರೋಬರ್ ಐತೆ."

ಬರೋಬರ್ ಇದೆಯೋ ಇಲ್ಲವೋ ಎಂಬುದು ಗೊತ್ತಾಗಲೇಬೇಕಾದ ದಿನ ಬಂದದ್ದು ನಮ್ಮ ಯಶೂಳಿಂದ. ಯಶಸ್ವಿನಿ ಅಣ್ಣ ನಂದೀಶನ ಮಗಳು, ಈ ವರ್ಷವಷ್ಟೇ ಶಾಲೆಗೆ ಸೇರಿದವಳು. ಅವಳನ್ನು ಕರೆದೊಯ್ಯುತ್ತಿದ್ದ ಆಟೋದವನು ಊರು ಬಿಟ್ಟ. ನಂದೀಶ ಸೀತಾಬರ್ಡಿಯ ಬ್ಯಾಂಕಿಗೆ, ಅತ್ತಿಗೆ ಆಶಾ ತನ್ನ ಆಫೀಸಿಗೆ ಬೆಳಿಗ್ಗೆ ಬೇಗ ಹೊರಡಬೇಕು. ಅಪ್ಪ ಊಟದ ನಡುವೆ ಘೋಷಿಸಿದರು: "ಸೋಮವಾರದಿಂದ ನಾನೇ ಸ್ಕೂಟರ್‌ನಲ್ಲಿ ಬಿಟ್ಟು ಬರ್ತೀನಿ."

ಆಶಾ ನಾಗಪುರದ ಹತ್ತಿರದ ಉಮರೇಡಿನ ಕಡೆಯ ಮರಾಠಿ ಹುಡುಗಿ. ಮಾವನಿಗೆ ಎದುರು ಹೇಳುವವಳಲ್ಲ. ನಂದೀಶ ಹೇಳಬಲ್ಲ, ಆದರೆ ಅವನು ಹೇಳಿದರೆ ಅದು ಜಗಳವಾಗುತ್ತದೆ. ಹಾಗಾಗಿ ಆ ಭಾನುವಾರ ಏಡಿ ಹಿಡಿಯಲು ಹೋಗುವುದೆಂದು ಸಿವಿಲ್ ಲೈನ್ಸ್‌ನ ನನ್ನ ಕ್ವಾರ್ಟರ್ಸಿನಿಂದ ಬೆಳಿಗ್ಗೆಯೇ ವಾಡಿ ಬಡಾವಣೆಯಲ್ಲಿರುವ ಅಪ್ಪನ ಮನೆಗೆ ಬಂದಾಗ, ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡರು.

"ಮೊನ್ನೆ ಕಾದ ತವೆಗೆ ಬೆರಳು ತಾಗಿಸ್ಕೊಂಡು ನಿಂತಿದ್ರು ಕಣೆ ಚಾರು. ತೆಗೀಲೇ ಇಲ್ಲ. ಬೊಬ್ಬೆ ಬಂತು. ಏನ್ರೀ ಇದು ಅಂದ್ರೆ, ಸೊಳ್ಳೆ ಕಚ್ಚೈತೆ ಅಂತಾರೆ."

"ಯಾವ ಸೊಳ್ಳೆಯಮ್ಮ, ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಬಂದಿತ್ತಾ?"

"ಇದೇ. ಇಂಗೇ ನಗ್ತಾ ನಗ್ತಾ ನೀನೇ ಹೇಳ್ಬುಡು. ಮಗ ಹೇಳಿದ್ರೆ ಮೈಮೇಲೆ ಬೀಳ್ತಾರೆ, ನಾನು ಹೇಳಿದ್ರೆ ಕೇಳಿಸ್ಕೊಳಲ್ಲ. ಸ್ಕೂಟರಿನ ಎಕ್ಸಿಲೇಟರ್ ಯಾವ ಕೈಲಿ?"

"ಬಲಗೈ."

"ಬ್ರೇಕು?"

ನಾನು ಬಕೆಟ್ ಎತ್ತಿಕೊಂಡು ಹೊರಗೆ ನಡೆದೆ.

ಆಶಾಳ ತವರೂರು ಉಮರೇಡಿನಿಂದ ಆಚೆಗೆ. ಯಶೂಳನ್ನು ಅಲ್ಲಿನ ಅಜ್ಜಿಯ ಮನೆಯಲ್ಲಿ ಆಡಲು ಬಿಟ್ಟು ನಾವು ಐದು ಜನ ಹಳ್ಳದ ಕಡೆ ನಡೆದೆವು. ಮಳೆ ನಿಂತು ಸ್ವಲ್ಪ ದಿನವಾಗಿತ್ತು. ಭತ್ತದ ಗದ್ದೆಯ ಬದುವಿನಲ್ಲಿ ಕಪ್ಪು ಮಣ್ಣು ಇನ್ನೂ ಮೆತ್ತಗಿತ್ತು. ಅಮಾವಾಸ್ಯೆ ಹತ್ತಿರವಿರುವ ಭಾನುವಾರವನ್ನೇ ಆರಿಸಿದವರು ಅಪ್ಪ. ಬೆಳದಿಂಗಳಲ್ಲಿ ಏಡಿ ಬಡಕಲಾಗಿರುತ್ತದೆ, ಕತ್ತಲೆಯಲ್ಲಿ ಮೈತುಂಬಿಕೊಳ್ಳುತ್ತದೆ ಎನ್ನುವುದು ಅವರು ಊರಿನಿಂದ ತಂದ ಲೆಕ್ಕ. ಅವರ ಬಾಯಲ್ಲಿ ಅದು ನಳ್ಳಿ. ಆಶಾಳ ಬಾಯಲ್ಲಿ ಖೇಕಡಾ. ಕಚ್ಚಿದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಶಬ್ದ.

ಹಿಡಿಯಲು ದೊಡ್ಡ ಸಲಕರಣೆ ಬೇಡ. ಕೋಲಿನ ತುದಿಗೆ ದಾರ, ದಾರದ ತುದಿಗೆ ಕೋಳಿಯ ಕರುಳು. ಕಲ್ಲಿನ ಸಂದಿಗೆ ಇಳಿಬಿಟ್ಟು ಕಾಯಬೇಕು. ಏಡಿ ಕರುಳನ್ನು ಕಚ್ಚಿಕೊಂಡರೆ ಆಸೆಗೆ ಬಿಡುವುದಿಲ್ಲ. ನಿಧಾನವಾಗಿ ಎತ್ತಿ ಬಕೆಟ್‌ಗೆ ಹಾಕಬೇಕು. ಆದರೆ ಅಪ್ಪನದು ಹಳೆಯ ಪದ್ಧತಿ. ಅವರು ಬಿಲಕ್ಕೆ ನೇರ ಬಲಗೈ ಹಾಕುವವರು. ಒಳಗೆ ಬೆರಳ ತುದಿಗೆ ಚಿಪ್ಪು ತಾಗಿದ್ದೇ, ಯಾವ ಕಡೆ ಮುಖ, ಯಾವ ಕಡೆ ಬೆನ್ನು ಎಂದು ಗೊತ್ತಾಗಿ, ಹಿಂದಿನಿಂದ ಅಮುಕಿ ಎಳೆದುಬಿಡುತ್ತಿದ್ದರು.

"ಇವತ್ತು ಬಿಲಕ್ಕೆ ಕೈ ಹಾಕೋ ಹಾಗಿಲ್ಲ," ಎಂದರು ಅಮ್ಮ.

ಅಪ್ಪ ವಾದ ಮಾಡಲಿಲ್ಲ. ನನಗೆ ಆಗಲೇ ಅನುಮಾನವಾಯಿತು. ಬಂಡೆಯ ಮೇಲೆ ಕೂತು, ಕೋಲನ್ನು ಎಡಗೈಯಲ್ಲಿ ಹಿಡಿದು ದಾರ ಇಳಿಬಿಟ್ಟರು. ಬಲಗೈ ತೊಡೆಯ ಮೇಲಿತ್ತು, ಅತಿಥಿಯ ಹಾಗೆ.

ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ದಾರಕ್ಕೇ ಬಿದ್ದವು. ಉಳಿದದ್ದು ಆಶಾಳಿಗೆ. ನಂದೀಶನಿಗೆ ಒಂದು ಚಪ್ಪಲಿ ಸಿಕ್ಕಿತು, ಅದೂ ಅವನದೇ, ಸ್ವಲ್ಪ ಹೊತ್ತಿನ ಮುಂಚೆ ಕೆಸರಿನಲ್ಲಿ ಕಳೆದುಕೊಂಡದ್ದು.

ನಾನು ಅಪ್ಪನ ಪಕ್ಕ ಕೂತೆ. ನನ್ನ ದನಿಯಲ್ಲಿ ಶುರುಮಾಡಲು ಆಗಲಿಲ್ಲ. ಸೀತಾಬರ್ಡಿಯ ಚೌಕದಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರ ದನಿ ತೆಗೆದೆ. ಬಾಯಲ್ಲಿ ತಂಬಾಕಿನ ಖರ್ರಾ ಒತ್ತರಿಸಿಕೊಂಡು ಮೂಗಿನಿಂದ ಮಾತಾಡುವ ದನಿ.

"ಕಾಯ್ ಕಾಕಾ, ಲೈಸನ್ಸ್ ದಾಖವಾ. ತಬ್ಯೇತ್ ಬರೀ ಆಹೇ ಕಾ?" ಲೈಸನ್ಸ್ ತೋರಿಸಿ, ಆರೋಗ್ಯ ಚೆನ್ನಾಗಿದೆಯಾ ಎಂದು.

ಅಪ್ಪ ದಾರದಿಂದ ಕಣ್ಣು ತೆಗೆಯಲಿಲ್ಲ. "ತಬ್ಯೇತ್ ಫಸ್ಟ್‌ಕ್ಲಾಸ್, ಸಾಹೇಬ್ರೆ. ನಾಳೆಯಿಂದ ನನ್ನ ಮೊಮ್ಮಗಳು ಹಿಂದೆ ಕುಂತಿರ್ತಾಳೆ. ದಂಡದ ಚೀಟಿ ಹರಿಯೋದಾದ್ರೆ ಅವಳನ್ನ ಕೇಳಿ ಹರೀರಿ."

"ಕಾಕಾ, ಕೋಲು ಎಡಗೈಲಿ ಯಾಕೆ ಹಿಡ್ಕೊಂಡಿದೀರಿ?"

"ಬಲಗೈಗೆ ಭಾನುವಾರ ರಜ."

ಅಪ್ಪ ನಗಿಸಿದರು, ನಾನು ನಕ್ಕೆ, ಮಾತು ಅಲ್ಲಿಗೆ ನಿಂತಿತು. ಇಷ್ಟು ವರ್ಷ ನಾನು ಬೇರೆಯವರ ದನಿ ತೆಗೆದು ಗೆದ್ದದ್ದೇ ಹೆಚ್ಚು. ಆ ಬಂಡೆಯ ಮೇಲೆ ಪೊಲೀಸನ ದನಿಗೆ ಪೊಲೀಸನಿಗೆ ಕೊಡುವ ಉತ್ತರವೇ ಸಿಗುತ್ತದೆ, ಮಗಳಿಗೆ ಹೇಳಬೇಕಾದದ್ದು ಹಾಗೇ ಉಳಿಯುತ್ತದೆ ಎಂದು ತಿಳಿಯಿತು. ಅಮ್ಮ ದೂರದಿಂದ ಹುಬ್ಬಿನಲ್ಲೇ ಕೇಳಿದರು, ಹೇಳಿದೆಯಾ? ನಾನು ಬಕೆಟ್ಟಿನೊಳಗೆ ಇಣುಕಿದೆ.

ಮನೆ ತಲುಪುವಾಗ ಸಂಜೆಯ ಬಿಸಿಲಿತ್ತು. ಯಶೂ ಕಾರಿನಲ್ಲೇ ನಿದ್ದೆ ಹೋಗಿದ್ದಳು. ಅವಳನ್ನು ಮಲಗಿಸಿ ನಾವೆಲ್ಲ ಹಿತ್ತಿಲ ನಲ್ಲಿಯ ಬಳಿ ಸೇರಿದೆವು. ಅಮ್ಮ ಒಳಗೆ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಣಸು ಹುರಿಯುತ್ತಿದ್ದರು. ಆ ಘಾಟಿಗೆ ಪಕ್ಕದ ಮನೆಯವರೂ ಕೆಮ್ಮಿದರು. ಆಶಾ ಒರಳಿನ ಮುಂದೆ ಕೂತಿದ್ದಳು. ಏಡಿಯ ಸಣ್ಣ ಕಾಲುಗಳನ್ನು ಕುಟ್ಟಿ, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿದ ರಸವನ್ನೇ ಸಾರಿಗೆ ಸೇರಿಸುವುದು ನಮ್ಮ ಕಡೆಯ ಕ್ರಮ. ಆ ರಸವಿಲ್ಲದಿದ್ದರೆ ಅದು ಬರೀ ನೀರು, ಸಾರಲ್ಲ ಎನ್ನುತ್ತಾರೆ ಅಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಆಶಾಗೆ ಇದು ವಿಚಿತ್ರವಾಗಿತ್ತು. ಈಗ ಅವಳಷ್ಟು ನುಣ್ಣಗೆ ಕುಟ್ಟುವವರು ಮನೆಯಲ್ಲಿ ಇನ್ನೊಬ್ಬರಿಲ್ಲ.

"ಅಪ್ಪ, ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಡೋಣ. ಮಂಕಾಗ್ತವೆ, ಆಮೇಲೆ ಸೇಫಾಗಿ ಬಿಡಿಸ್ಬೋದು," ಎಂದ ನಂದೀಶ.

"ಬ್ಯಾಂಕಿನವರ ಬುದ್ಧಿ. ಯಾವುದನ್ನ ಕಂಡ್ರೂ ಫ್ರೀಜ್ ಮಾಡೋಣ ಅಂತೀರ," ಎಂದು ಅಪ್ಪ ಮಣೆ ಎಳೆದುಕೊಂಡು ಕೂತರು. "ನೀನು ದೂರ ಕುಂತ್ಕೊ. ಬೆರಳಲ್ಲಿ ದುಡ್ಡು ಎಣಿಸೋನು ನೀನು."

ಅಪ್ಪ ಎಡಗೈಯಲ್ಲಿ ಏಡಿಯನ್ನು ಹಿಂದಿನಿಂದ ಹಿಡಿದು, ಬಲಗೈಯಲ್ಲಿ ಮೊದಲು ದೊಡ್ಡ ಕೊಂಡಿ ಮುರಿದು, ಆಮೇಲೆ ಬೆನ್ನಿನ ಚಿಪ್ಪು ಎಬ್ಬಿಸಿ, ಅಕ್ಕಪಕ್ಕದ ಸ್ಪಂಜಿನಂಥದ್ದನ್ನು ಕಿತ್ತು ಎಸೆದು ತಟ್ಟೆಗೆ ಹಾಕುತ್ತಿದ್ದರು. ಬೆರಳುಗಳು ಹೇಳಿದ್ದನ್ನೆಲ್ಲ ಮಾಡುತ್ತಿದ್ದವು. ನೋಡಿದರೆ ಯಾರೂ ಏನೂ ಹೇಳುವಂತಿರಲಿಲ್ಲ. ನಂದೀಶ ನನ್ನ ಕಡೆ ನೋಡಿದ, ನಾವೇ ತಪ್ಪು ತಿಳಿದೆವೇನೋ ಎಂಬಂತೆ.

ಆಮೇಲೆ ಅಪ್ಪನಿಗೆ ಕಥೆ ನೆನಪಾಯಿತು. ಕಾರ್ಖಾನೆಯ ಪಂಜಾಬಿ ಸೂಪರ್‌ವೈಸರ್ ಒಬ್ಬರು ಜೀವಮಾನದಲ್ಲಿ ಮೊದಲ ಸಲ ಏಡಿ ನೋಡಿದ ಕಥೆ. ಕಥೆ ಹೇಳುವಾಗ ಅವರು ಕೆಲಸ ನಿಲ್ಲಿಸುತ್ತಾರೆ. ಬಲಗೈಯನ್ನು ಬಕೆಟ್ಟಿನ ಅಂಚಿನ ಮೇಲಿಟ್ಟು, ಎಡಗೈ ಬೀಸುತ್ತ ಶುರುಮಾಡಿದರು.

"ಆ ಮನುಷ್ಯ ಆರಡಿ ಆಳು. ಟಿಫನ್ ಡಬ್ಬಿ ತೆಗೆದು ತೋರಿಸ್ದೆ. ಯೇ ಕ್ಯಾ ಹೈ ಕಿಶನಪ್ಪಾ, ಮಕಡೀ ಹೈ ಕ್ಯಾ, ಅಂದ…"

ಬಕೆಟ್ಟಿನಲ್ಲಿ ಒಂದು ಏಡಿ ಉಳಿದವುಗಳ ಬೆನ್ನು ಹತ್ತಿ ಮೇಲೆ ಬಂತು. ನಾನು ನೋಡುತ್ತಲೇ ಇದ್ದೆ. ಕೊಂಡಿ ಅಗಲಿಸಿ ಅಪ್ಪನ ಬಲಗೈಯ ಕಿರುಬೆರಳನ್ನು ಹಿಡಿಯಿತು.

"…ಜೇಡ ಅಲ್ಲ ಸಾಹೇಬ್ರೆ, ಇದು ನೀರಿನ ಕೋಳಿ ಅಂದೆ…"

ಅವರು ಕೈ ಎತ್ತಿದರು. ಕೈಯ ಜೊತೆ ಏಡಿಯೂ ಎದ್ದಿತು. ಅವರು ಬೀಸಿದ ಕಡೆಗೆಲ್ಲ ಅದೂ ತೂಗಾಡಿತು. ಒರಳಿನ ಸದ್ದು ನಿಂತಿತು. ಮಸಾಲೆ ಹುರಿದ ಬಾಣಲೆಯನ್ನು ತೋರಿಸಲೆಂದು ಬಂದ ಅಮ್ಮ ಬಾಗಿಲಲ್ಲೇ ನಿಂತರು. ಕಿರುಬೆರಳಿನಿಂದ ಒಂದು ಕೆಂಪು ಗೆರೆ ಅಂಗೈಗೆ ಇಳಿಯಿತು. ಅಪ್ಪ ನಮ್ಮ ಮುಖಗಳನ್ನೇ ನೋಡುತ್ತ, ನಾವು ಕಥೆಗೆ ಬಾಯಿ ಬಿಟ್ಟು ಕೂತಿದ್ದೇವೆಂದು ತಿಳಿದು, ಇನ್ನೂ ಹುರುಪಿನಿಂದ ಮುಂದುವರಿಸಿದರು.

ಯಾರಾದರೂ ಹೇಳಬೇಕಿತ್ತು. 'ಅಪ್ಪ, ಕೈ' ಎಂದರೆ ಸಾಕಿತ್ತು. ಬಾಯಿ ತೆರೆದೆ. ನನ್ನ ದನಿ ಬರಲಿಲ್ಲ. ಬಂದದ್ದು ಅವರದು. ಮೊದಲು ಹೊಟ್ಟೆಯಿಂದೆದ್ದು, ಮಧ್ಯದಲ್ಲಿ ಒಡೆದು, ಕೊನೆಗೆ ಬೈಗುಳಕ್ಕೆ ಇಳಿಯುವ ಅಪ್ಪನ ನೋವಿನ ಕೂಗು.

"ಅವ್ವಾವ್ವಾವ್ವೋ… ನಿನ್ ಮನೆ ಎಕ್ಕುಟ್ಟೋಗಾ…"

ಅಪ್ಪ ಬೆಚ್ಚಿ ನಂದೀಶನ ಕಡೆ ತಿರುಗಿದರು. "ಕಚ್ತೇನ್ಲಾ? ಅದಕ್ಕೇ ದೂರ ಕುಂತ್ಕೊ ಅಂದದ್ದು. ಆಶಾ, ಅರಿಸ್ನ ತಗೊಂಡ್ ಬಾ ಜಲ್ದಿ."

ನಂದೀಶ ಎರಡೂ ಕೈ ತೋರಿಸಿದ.

"ಮತ್ತೆ ಯಾರಿಗೆ ಕಚ್ತು?"

"ನಿಮಗೆ, ಅಪ್ಪ," ಎಂದೆ. ಈಗ ನನ್ನದೇ ದನಿ ಬಂತು.

ಅವರು ಮೊದಲು ಎಡಗೈ ನೋಡಿಕೊಂಡರು. ಆಮೇಲೆ ಬಲಗೈ. ಬಹಳ ಹೊತ್ತು ನೋಡಿದರು. ಏಡಿಯೂ ಅವರನ್ನು ನೋಡುತ್ತಿದ್ದಂತಿತ್ತು. ಎಳೆಯಲಿಲ್ಲ, ಕೊಡವಲಿಲ್ಲ. ಪಕ್ಕದ ನೀರಿನ ಪಾತ್ರೆಗೆ ಕೈಯನ್ನು ಮೆಲ್ಲಗೆ ಇಳಿಸಿದರು. ನೀರು ಸಿಕ್ಕಿದ್ದೇ ಅದು ಬೆರಳು ಬಿಟ್ಟು ತಳ ಸೇರಿತು. ನೀರಿನಲ್ಲಿ ರಕ್ತ ನೂಲಿನಂತೆ ಬಿಚ್ಚಿಕೊಂಡಿತು.

"ಯಾವಾಗಿಂದ?"

"ಪಂಜಾಬಿ ಸಾಹೇಬ್ರು ಡಬ್ಬಿ ನೋಡ್ದಾಗಿಂದ," ಎಂದರು ಅಮ್ಮ.

ಅಪ್ಪ ಎಡಗೈಯಿಂದ ಬಲಗೈಯ ಬೆರಳ ತುದಿಗಳನ್ನು ಒಂದೊಂದಾಗಿ ಚಿವುಟುತ್ತ ಬಂದರು. "ಇಲ್ಲಿಲ್ಲ. ಇಲ್ಲೂ ಇಲ್ಲ. ಹೆಬ್ಬೆಟ್ಟಿಗೆ ಚೂರು ಐತೆ." ನಮಗೆ ಹೇಳಿದಂತಿರಲಿಲ್ಲ. ಕಾರ್ಖಾನೆಯಲ್ಲಿ ತುಂಡು ತಪಾಸಣೆ ಮಾಡುವಾಗ ಹೀಗೇ ಗೊಣಗುತ್ತಿದ್ದರೇನೋ. "ಆಡ್ತದೆ. ಹೇಳಿದ್ದೆಲ್ಲ ಮಾಡ್ತದೆ. ಆದ್ರೆ ಬ್ಯಾರೆ ಯಾರದೋ ಕೈ ತಂದು ಸಿಕ್ಕಿಸಿದಂಗೆ. ವಾಪಸ್ ಏನೂ ಹೇಳಲ್ಲ ನಂಗೆ."

ಲಕ್ವ ಹೊಡೆದ ಮೇಲೆ ಅವರು ಇದನ್ನು ಹೇಳಿದ್ದು ಇದೇ ಮೊದಲು. ನಂದೀಶ ಏನೋ ಹೇಳಹೊರಟ, ಆಶಾ ಅವನ ಮಂಡಿಯ ಮೇಲೆ ಕೈಯಿಟ್ಟು ತಡೆದಳು.

"ಆಶಾ," ಎಂದರು ಅಪ್ಪ, "ಮಗು ಹಿಂದೆ ಕುಂತಿರುವಾಗ…" ಒಳಗೆ ಮಲಗಿದ್ದ ಯಶೂಳ ಕೋಣೆಯ ಕಿಟಕಿಯ ಕಡೆ ನೋಡಿದರು. "ನಡೆಸ್ಕೊಂಡು ಹೋಗ್ತೀನಿ. ಈ ಎಡಗೈಲಿ ಹಿಡ್ಕೊಂಡು. ನಾವಿಬ್ರೂ ಸ್ವಲ್ಪ ಬೇಗ ಎದ್ರಾಯ್ತು. ಆಗ್ಬೋದಾ?"

"ನಡೀತದೆ, ಬಾಬಾ," ಎಂದಳು ಆಶಾ. ಮುಖ ಒರಳಿನ ಕಡೆಗಿತ್ತು. ಕಣ್ಣೊರೆಸಿಕೊಂಡದ್ದಕ್ಕೆ ಮೆಣಸಿನ ಘಾಟು ನೆಪವಾಯಿತು.

ಅಮ್ಮ ಬಾಣಲೆ ಕೆಳಗಿಟ್ಟು ಅರಿಸಿನದ ಡಬ್ಬಿ ತಂದರು. ಮಣೆಯ ಮುಂದೆ ಕೂತು ಆ ಬೆರಳನ್ನು ಸೆರಗಿನಲ್ಲಿ ಒತ್ತಿ ಒರೆಸಿ ಅರಿಸಿನ ತುಂಬಿದರು.

"ಅದ್ಯಾರೆ ಕೂಗಿದ್ದು? ನೀನಾ?" ಅಪ್ಪ ನನ್ನನ್ನು ಕೇಳಿದರು.

"ಹ್ಞೂಂ."

"ನಾನು ಅಂಗೆ ಅರಚ್ಕೊಳ್ತೀನಾ?"

"ಇನ್ನೂ ಜೋರಾಗಿ. ಅವಳು ಮರ್ಯಾದೆಗೆ ಕಮ್ಮಿ ಮಾಡಿದಾಳೆ," ಎಂದರು ಅಮ್ಮ. ಅವರ ಗಮನವೆಲ್ಲ ಗಾಯದ ಮೇಲಿತ್ತು. ನಾವು ಮಂಡಿ ಕೆತ್ತಿಕೊಂಡು ಬಂದಾಗಲೆಲ್ಲ ಕೇಳುತ್ತಿದ್ದಂತೆ, ಊದುತ್ತ ಊದುತ್ತ, ಕೇಳಿಯೇಬಿಟ್ಟರು: "ಉರೀತದಾ?"

ಕೇಳಿದ ಮೇಲೆ ಅವರ ಕೈ ನಿಂತಿತು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಪ್ಪ ಅರಿಸಿನ ಮೆತ್ತಿದ ಬೆರಳನ್ನು ಎತ್ತಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. "ನನ್ನ ಏನ್ ಕೇಳ್ತೀಯ," ಎಂದರು. "ಚಾರೂನ ಕೇಳು."

ಅಮ್ಮ ನಿಜವಾಗಿಯೂ ನನ್ನ ಕಡೆ ತಿರುಗಿದರು. ನಾನು ಉಸಿರೆಳೆದುಕೊಂಡೆ. ಈ ಸಲ ಮರ್ಯಾದೆ ಬಿಟ್ಟು, ಬೈಗುಳವನ್ನು ಪೂರ್ತಿ ಸೇರಿಸಿ, ವಾಡಿಗೆಲ್ಲ ಕೇಳುವಂತೆ ಕೂಗಿದೆ. ಪಕ್ಕದ ಮನೆಯ ಕಾಕೂ ಕಾಂಪೌಂಡಿನ ಮೇಲಿಂದ ತಲೆಯೆತ್ತಿ, "ಕಾಯ್ ಝಾಲಂ ಹೋ ಭಾವೂಜೀಲಾ?" ಎಂದು, ಅಪ್ಪನಿಗೆ ಏನಾಯ್ತೋ ಎಂಬ ಗಾಬರಿಯಿಂದ ಕೇಳಿದರು. ಉತ್ತರ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆಶಾ ಒರಳನ್ನು ತಬ್ಬಿಕೊಂಡು ನಗುತ್ತಿದ್ದಳು, ನಂದೀಶ ಗೋಡೆಗೆ ಒರಗಿದ್ದ, ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಪ್ಪ. ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮು ನಿಂತ ಮೇಲೂ ನಕ್ಕರು.